ಗೋಡೆಯಾಚೆಯ ನೀಲಿ ನೀರು

ಠಾಣೆಯ ಘೋಡ್‌ಬಂದರ್ ರಸ್ತೆಯ ಬಂಗಲೆಯಲ್ಲಿ ದೊಡ್ಡಕ್ಕನ ಈಜುಕೊಳ ಮೂರನೆಯ ಸಲ ಹಸಿರಾದ ದಿನ, ಪಾಚಿಗಿಂತ ಹೆಚ್ಚು ನನ್ನ ಹೊಟ್ಟೆ ಉರಿಸಿದ್ದು ಪಕ್ಕದ ಮನೆಯ ನೀರು. ನಡುವೆ ಎದೆಯೆತ್ತರದ ಕಾಂಪೌಂಡು ಗೋಡೆ. ಈಚೆ ನಾನು ನೋಡಿಕೊಳ್ಳುವ ಕೊಳ ಮೆಟ್ಟಿಲ ಮೂಲೆಗಳಲ್ಲಿ ಲೋಳೆ ಹಿಡಿದು, ತಳ ಕಾಣದಷ್ಟು ಮಬ್ಬಾಗಿತ್ತು. ಆಚೆಯ ಕೊಳದಲ್ಲಿ ತಳದ ಟೈಲುಗಳ ಗೆರೆಗಳನ್ನು ನಿಂತಲ್ಲಿಂದಲೇ ಎಣಿಸಬಹುದಿತ್ತು. ಎರಡನ್ನೂ ಕಟ್ಟಿದ್ದು ಒಂದೇ ವರ್ಷ. ಒಂದೇ ಅಳತೆ, ಒಂದೇ ಬಗೆಯ ಪಂಪು, ಒಂದೇ ಮುನಿಸಿಪಾಲಿಟಿ ನೀರು, ಒಂದೇ ಬಿಸಿಲು. ಬೇರೆಯಿದ್ದದ್ದು ನೋಡಿಕೊಳ್ಳುವವನು ಮಾತ್ರ ಎಂದು ಯಾರಾದರೂ ಹೇಳಬಹುದಿತ್ತು. ಹೇಳುತ್ತಲೂ ಇದ್ದರು.

ಆ ಎರಡು ಮನೆಗಳು ಅಣ್ಣತಮ್ಮಂದಿರವು. ಉಡುಪಿ ಕಡೆಯಿಂದ ಬಂದು ಠಾಣೆಯಲ್ಲಿ ಹೋಟೆಲು ಮಾಡಿದವರ ಮಕ್ಕಳು. ಪಾಲಾದಾಗ ಹೋಟೆಲು ಅಣ್ಣನಿಗೆ ಬಂತು, ಬಾಡಿಗೆಗೆ ಕೊಟ್ಟ ಅಂಗಡಿಗಳು ತಮ್ಮನಿಗೆ ಹೋದವು. ಅಣ್ಣನ ಹೆಂಡತಿಯನ್ನು ಮನೆಗೆ ಬಂದುಹೋಗುವ ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ, ತಮ್ಮನ ಹೆಂಡತಿಯನ್ನು ಸಣ್ಣಕ್ಕ. ಪಾಲಾಗುವವರೆಗೆ ಎರಡು ಕೊಳಗಳೂ ನನ್ನ ಕೈಯಲ್ಲೇ ಇದ್ದವು. ಪಾತ್ರೆ ಪಡಗ ಹಂಚಿಕೊಂಡ ಹಾಗೆ ಪೂಲಿನವನನ್ನೂ ಹಂಚಿಕೊಂಡರು. ನಾನು ದೊಡ್ಡಕ್ಕನ ಪಾಲಿಗೆ ಬಂದೆ. ಸಣ್ಣಕ್ಕನ ಮನೆಯವರು ಹೊಸಬನನ್ನು ಹುಡುಕಿಕೊಂಡರು.

ಆ ಹೊಸಬ ನನ್ನ ಹತ್ತಿರವೇ ಕೆಲಸ ಕಲಿತವನು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಕಡೆಯವರ ಮಗ. ಕ್ಲೋರಿನ್ ಪುಡಿಯನ್ನು ಮೊದಲು ಬಕೆಟ್ಟಿಗೆ ಹಾಕಿ ಮೇಲೆ ನೀರು ಸುರಿಯಬಾರದು, ನೀರಿಗೆ ಪುಡಿ ಹಾಕಬೇಕು ಎನ್ನುವುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟದ್ದು ನಾನು. ಈಗ ಮಹಾಪೆಯಲ್ಲಿ ಅವನ ಆಫೀಸು ಇದೆ. ಅವನ ಜನರಿಗೆ ಕಂಪನಿಯ ಹೆಸರು ಅಚ್ಚು ಮಾಡಿದ ಟೀಶರ್ಟು ಇದೆ. ನನಗೆ ಇರುವುದು ಒಂದು ಕಿಟ್ ಬ್ಯಾಗು ಮತ್ತು ಡೊಂಬಿವಲಿ–ಠಾಣೆ ಟ್ರೈನ್ ಪಾಸು. ಇದನ್ನು ಸಮಾಧಾನದಿಂದ ಬರೆಯುತ್ತಿದ್ದೇನೆ ಎಂದು ಭಾವಿಸಬೇಡಿ. ಅವನ ಕಾರು ಆ ಗೇಟಿನ ಮುಂದೆ ನಿಂತಿದ್ದು ಕಂಡರೆ ಅವತ್ತಿಡೀ ನನಗೆ ಊಟ ಸೇರುತ್ತಿರಲಿಲ್ಲ.

ಬರೇ ನನ್ನ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ದೊಡ್ಡಕ್ಕನಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಆಗಿತ್ತು. ಗಾಯವೆಲ್ಲ ಮಾಗಿದ ಮೇಲೆ ಫಿಸಿಯೋದವಳು, ದಿನಾ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ಕಾಲಿಗೆ ಬಲ ಬಂದ ಮೇಲೆ ಮೆಟ್ಟಿಲು ಹತ್ತಿಸುತ್ತೇನೆ ಎಂದಿದ್ದಳು. ಅಲ್ಲಿಯವರೆಗೆ ದೊಡ್ಡಕ್ಕ ಕೆಳಗಿನ ಅತಿಥಿಗಳ ಕೋಣೆಯಲ್ಲಿ ಮಲಗಬೇಕು. ಆ ಕೋಣೆ ಕಂಡರೆ ಅವರಿಗೆ ಆಗದು.

“ನನ್ನ ಮಂಚ ಮೇಲೆ ಉಂಟು, ನನ್ನ ದೇವರು ಮೇಲೆ ಉಂಟು, ನಾನೊಬ್ಳು ಕೆಳಗೆ” ಎಂದು ನಾನು ಹೋದಾಗಲೆಲ್ಲ ಹೇಳುತ್ತಿದ್ದರು. “ನೀನು ಆ ಪೂಲ್ ಒಂದು ಸರಿ ಮಾಡಿ ಕೊಡು ಮಾರಾಯ.”

ಪಾಚಿ ಕಟ್ಟಿದ ನೀರಿಗೆ ಇಳಿಸಬೇಡಿ, ಕಾಲು ಜಾರಿದರೆ ಹೊಸ ಕೀಲು ಹೋದಂತೆಯೇ ಎಂದು ಡಾಕ್ಟರು ಎಚ್ಚರಿಸಿದ್ದರು. ಧಣಿಗಳು, ಅಂದರೆ ದೊಡ್ಡಕ್ಕನ ಗಂಡ, ಒಂದು ಉಪಾಯ ಹೇಳಿದರು: ಅಲ್ಲಿಯವರೆಗೆ ತಮ್ಮನ ಮನೆಯ ಪೂಲಿನಲ್ಲಿ ನಡೆಯಬಹುದಲ್ಲ, ಗೋಡೆ ದಾಟಿದರೆ ಆಯಿತು. ದೊಡ್ಡಕ್ಕ ಕೋಲನ್ನು ನೆಲಕ್ಕೆ ಕುಟ್ಟಿದರು.

“ಅವಳ ನೀರಿಗೆ ನಾನು ಕಾಲಿಡ್ಲಿಕ್ಕಿಲ್ಲ. ಕುಂಟಿಯಾಗಿಯೇ ಇದ್ರೂ ಅಡ್ಡಿಲ್ಲ.”

ಧಣಿಗಳು ನನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ, “ಬೇಜಾರು ಮಾಡ್ಬೇಡ. ಈ ತಿಂಗಳೂ ಹೀಗೇ ಆದ್ರೆ ಆ ಹುಡುಗನನ್ನೇ ಕರೀತೇನೆ” ಎಂದರು. ಬೇಜಾರು ಮಾಡಬೇಡ ಎಂದರೆ ಹೇಗೆ? ಪಾಲಿಗೆ ಬಂದ ಒಂದು ಕೊಳವನ್ನೂ ಅವನೇ ಕೊಂಡೊಯ್ಯುವುದೆಂದರೆ, ಡೊಂಬಿವಲಿ ಸ್ಟೇಷನ್ನಿನಲ್ಲಿ ಎದುರಾಗುವ ಅವನ ಅಪ್ಪನ ಮುಖ ನೋಡುವುದು ಹೇಗೆ?

ನಾನು ಮಾಡಬೇಕಾದದ್ದನ್ನು ಕ್ರಮವಾಗಿಯೇ ಮಾಡಿದ್ದೆ. ಮೊದಲು ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ ನೋಡಿ, ಏರಿದ್ದನ್ನು ಆಸಿಡ್ ಹಾಕಿ ಇಳಿಸಿದೆ. ಪಿಎಚ್ ಸರಿಯಿಲ್ಲದಿದ್ದರೆ ಕ್ಲೋರಿನ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ದೊಡ್ಡ ಡೋಸು ಕ್ಲೋರಿನ್ ಕೊಟ್ಟು ರಾತ್ರಿಯಿಡೀ ಪಂಪು ಓಡಿಸಲು ಹೇಳಿದೆ. ಬೆಳಿಗ್ಗೆ ಗೋಡೆ, ಮೆಟ್ಟಿಲು, ಏಣಿಯ ಹಿಂಭಾಗ ಎಲ್ಲವನ್ನೂ ಬ್ರಶ್ಶಿನಿಂದ ಉಜ್ಜಿ, ಸತ್ತು ತಳಕ್ಕೆ ಕೂತದ್ದನ್ನು ವ್ಯಾಕ್ಯೂಮ್ ಮಾಡಿ ನೇರ ಚರಂಡಿಗೆ ಬಿಟ್ಟೆ. ಮರಳಿನ ಫಿಲ್ಟರನ್ನು ಹಿಮ್ಮುಖ ನೀರು ಹಾಯಿಸಿ ತೊಳೆದೆ. ಕೊಳ ತಿಳಿಯಾಯಿತು. ವಾರ ಕಳೆಯುವುದರೊಳಗೆ ನೆರಳಿಲ್ಲದ ಕಡೆಯ ಗೋಡೆಗೆ ಕೈಯಿಟ್ಟರೆ ಮತ್ತೆ ಜಾರಿಕೆ. ಕ್ಲೋರಿನ್ ಇದ್ದೂ ಪಾಚಿ ಬರುತ್ತಿತ್ತು. ಬಂದ ಪಾಚಿ ಕ್ಲೋರಿನ್ನನ್ನು ತಿಂದು ಮುಗಿಸುತ್ತಿತ್ತು.

ಎರಡನೆಯ ಸಲ ಉಜ್ಜುತ್ತಿದ್ದಾಗ ನನ್ನ ಆ ಶಿಷ್ಯ ಗೋಡೆಯಾಚೆಯಿಂದ ತಲೆ ಎತ್ತಿದ. ಅವನಿಗೆ ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಅರ್ಧ ಹಿಂದಿ.

“ಸರ್, ಫಿರ್ ಸೆ ಹರಾ ಹೋ ಗಯಾ? ಮತ್ತೆ ಹಸಿರಾ? ಒಂದ್ಸಲ ಫಾಸ್ಫೇಟ್ ಚೆಕ್ ಮಾಡಿ ನೋಡಿ ಸರ್.”

“ನೋಡಿ ಆಗಿದೆ” ಎಂದೆ. ನೋಡಿರಲಿಲ್ಲ.

“ಕಿಟ್ ಚಾಹಿಯೇ ತೋ ನನ್ನ ಗಾಡಿಯಲ್ಲಿದೆ ಸರ್.”

“ನನ್ನ ಹತ್ರ ಇದೆ.” ಅದೂ ಇರಲಿಲ್ಲ.

ಗುರುವಿಗೇ ತಿರುಮಂತ್ರ ಹೇಳಲು ಬಂದಿದ್ದಾನೆ ಎಂದು ಮೈಯೆಲ್ಲ ಉರಿದುಹೋಯಿತು. ಅವನು ವಿನಯದಿಂದಲೇ ಮಾತಾಡಿದ್ದ, ಅದು ಇನ್ನೂ ದೊಡ್ಡ ಉರಿ. ಫಾಸ್ಫೇಟ್ ಎನ್ನುವುದು ಪಾಚಿಗೆ ಗೊಬ್ಬರ ಎಂದು ನನಗೂ ಗೊತ್ತಿತ್ತು. ಆದರೆ ನಮ್ಮ ಕಾಲದಲ್ಲಿ ಯಾರೂ ಅದನ್ನು ಅಳೆಯುತ್ತಿರಲಿಲ್ಲ. ಕ್ಲೋರಿನ್ ಸರಿಯಿದ್ದರೆ ಎಲ್ಲ ಸರಿ ಎನ್ನುವುದೇ ನಮ್ಮ ಪಾಠ. ಅವನು ಹೇಳಿದ ಎನ್ನುವ ಒಂದೇ ಕಾರಣಕ್ಕೆ ನಾನು ಅದನ್ನು ಬಿಟ್ಟು, ತಾಮ್ರವಿರುವ ಪಾಚಿನಾಶಕವನ್ನು ಎರಡೆರಡು ಸಲ ಸುರಿದೆ. ಪಾಚಿ ಹೋಗಲಿಲ್ಲ. ಬಿಳಿ ಟೈಲುಗಳ ಸಂದಿಯಲ್ಲಿ ಮಾತ್ರ ತಾಮ್ರದ ನೀಲಿ ಕಲೆ ನಿಂತಿತು. ಹದಿನೈದು ದಿನ ಹೀಗೆ ಹಾಳಾದವು. ಅಷ್ಟರಲ್ಲಿ ಮೂರನೆಯ ಹಸಿರು ಬಂತು.

ಆ ದಿನ ಫಿಸಿಯೋದವಳು ದೊಡ್ಡಕ್ಕನನ್ನು ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಬಂದು ಒಂದು ಪ್ರಯತ್ನ ಮಾಡಿಸಿದಳು. ನಾನು ಹಾಲಿನಲ್ಲೇ ಇದ್ದೆ. ದೊಡ್ಡಕ್ಕ ಕಟಾಂಜನ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಆಮೇಲೆ ಮೈ ಮೇಲಕ್ಕೆ ಏಳಲಿಲ್ಲ. ಕಾಲು ಗಡಗಡ ನಡುಗಿತು. ನೀರಿನಲ್ಲಿ ನಡೆದಿದ್ದರೆ ಇಷ್ಟು ಹೊತ್ತಿಗೆ ಹತ್ತಬೇಕಿತ್ತು, ಸ್ನಾಯು ಹೀಗೇ ಸೊರಗಿದರೆ ಮುಂದೆ ಕಷ್ಟ ಎಂದು ಫಿಸಿಯೋದವಳು ಹೇಳಿದಳು. ದೊಡ್ಡಕ್ಕ ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದ ನೇರ ವಾಶಿಯ ಅಂಗಡಿಗೆ ಹೋಗಿ ಫಾಸ್ಫೇಟ್ ಅಳೆಯುವ ಕಿಟ್ ಕೊಂಡೆ. ಅವನು ಹೇಳಿದ್ದೇ ನಿಜವಾದರೆ ನಿಜವಾಗಲಿ, ಅಳೆಯುವುದೆಂದರೆ ಅಳೆಯುವುದು ಎಂದು ನಿರ್ಧರಿಸಿಬಿಟ್ಟಿದ್ದೆ. ಕೊಳವೆಗೆ ನೀರು ತುಂಬಿ ಹನಿಗಳನ್ನು ಹಾಕಿ ಕುಲುಕಿದರೆ ಫಾಸ್ಫೇಟ್ ಇದ್ದಷ್ಟೂ ನೀಲಿಯಾಗುತ್ತದೆ. ನಮ್ಮ ಕೊಳದ ನೀರು ಶಾಯಿಯಂತೆ ಕಪ್ಪುನೀಲಿಯಾಯಿತು. ಕಾರ್ಡಿನಲ್ಲಿ ಅಷ್ಟು ಗಾಢ ಬಣ್ಣವೇ ಇರಲಿಲ್ಲ. ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು, ಬ್ಯಾಟರಿಗೆ ಹಾಕುವ ಶುದ್ಧ ನೀರು ಬೆರೆಸಿ ಮತ್ತೆ ನೋಡಿದೆ. ಆಗಲೂ ಕಾರ್ಡಿನ ಕೊನೆಯ ಚೌಕಕ್ಕೆ ಹೊಂದಿತು.

ಹಾಗಾದರೆ ಆಚೆಯ ಕೊಳದಲ್ಲಿ ಎಷ್ಟಿದೆ? ಅವನನ್ನು ಕೇಳುವುದಕ್ಕಿಂತ ಸಾಯುವುದು ಮೇಲು. ಎಲೆ ತೆಗೆಯುವ ಬಲೆಯ ಉದ್ದ ಕೋಲಿನ ತುದಿಗೆ ಬಾಟಲಿ ಕಟ್ಟಿ, ಗೋಡೆಯ ಮೇಲಿಂದ ಅವನ ಕೊಳಕ್ಕೆ ಇಳಿಬಿಟ್ಟೆ. ಬಾಟಲಿ ಮುಳುಗದೆ ತೇಲಾಡುತ್ತಿರುವಾಗ ಸಣ್ಣಕ್ಕ ಬಟ್ಟೆ ಒಣಗಿಸಲು ಹೊರಗೆ ಬಂದರು.

“ನೀರು ಬೇಕಾದ್ರೆ ಗೇಟಿಂದ ಬನ್ನಿ ಅಲ್ವಾ” ಎಂದರು. ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ಅಕ್ಕನ ಕಾಲು ಹೇಗುಂಟು?”

“ಪರವಾಗಿಲ್ಲ” ಎಂದು, ಅಷ್ಟರಲ್ಲಿ ಅರ್ಧ ತುಂಬಿದ್ದ ಬಾಟಲಿಯೊಡನೆ ಕೋಲು ಎಳೆದುಕೊಂಡೆ. ಆ ನೀರು ಕೊಳವೆಯಲ್ಲಿ ಬಣ್ಣ ಹಿಡಿಯಿತೋ ಇಲ್ಲವೋ ಎನ್ನುವಷ್ಟು ತಿಳಿನೀಲಿಯಾಗಿತ್ತು. ಎರಡು ಕೊಳವೆಗಳನ್ನು ಪಕ್ಕಪಕ್ಕ ಹಿಡಿದು ತುಂಬ ಹೊತ್ತು ನಿಂತಿದ್ದೆ. ಅವನ ಮಾತು ನಿಜವಾಗಿತ್ತು.

ಇನ್ನು ಮದ್ದು. ಫಾಸ್ಫೇಟನ್ನು ಹಿಡಿದು ಕೆಳಗೆ ಕೂರಿಸುವುದಕ್ಕೆ ಲ್ಯಾಂಥನಮ್ ಎನ್ನುವ ಲೋಹದ ದ್ರಾವಣ ಸಿಗುತ್ತದೆ. ಅದನ್ನು ಪಾಚಿಯಿರುವಾಗಲೇ ಹಾಕಿದರೆ ಪ್ರಯೋಜನವಿಲ್ಲ, ಪಾಚಿಯ ಮೈಯೊಳಗೂ ಫಾಸ್ಫೇಟ್ ಇರುತ್ತದೆ, ಸತ್ತಾಗ ಅದು ನೀರಿಗೇ ಬರುತ್ತದೆ. ಹಾಗಾಗಿ ಮೊದಲು ಕ್ಲೋರಿನ್ನಿನಿಂದ ಕೊಂದು, ಉಜ್ಜಿ, ಹೊರಹಾಕಿದೆ. ಆಮೇಲೆ ದ್ರಾವಣವನ್ನು ಬಕೆಟ್ಟಿನಲ್ಲಿ ತೆಳು ಮಾಡಿ, ಪಂಪು ಓಡುತ್ತಿರುವಾಗ ಕೊಳದ ಸುತ್ತ ನಡೆಯುತ್ತಾ ಸ್ವಲ್ಪಸ್ವಲ್ಪವೇ ಹಾಕಿದೆ. ಕೊಳ ಮಜ್ಜಿಗೆ ನೀರಿನಂತೆ ಬೆಳ್ಳಗಾಯಿತು. ದೊಡ್ಡಕ್ಕ ಕಿಟಕಿಯಿಂದ ನೋಡಿ, “ಹಸಿರು ಹೋಗಿ ಬಿಳಿ ಬಂತಾ? ನಾಳೆ ಕೆಂಪಾ?” ಎಂದರು. ಫಿಲ್ಟರಿನ ಒತ್ತಡದ ಮುಳ್ಳು ಏರುತ್ತಲೇ ಇತ್ತು, ಏರಿದಾಗಲೆಲ್ಲ ಹಿಮ್ಮುಖ ನೀರು ಹಾಯಿಸಿ ತೊಳೆದೆ. ಮರುದಿನ ತಳದಲ್ಲಿ ಕೂತ ಬಿಳಿ ಹುಡಿಯನ್ನು ನಿಧಾನಕ್ಕೆ ವ್ಯಾಕ್ಯೂಮ್ ಮಾಡಿ ಹೊರಗೆ ಬಿಟ್ಟೆ. ಅಳೆದರೆ ತಿಳಿನೀಲಿ. ದೊಡ್ಡಕ್ಕ ಮೊದಲ ಸಲ ನೀರಿಗಿಳಿದು ಕೊಳದಂಚಿನ ಕಂಬಿ ಹಿಡಿದು ಆಚೆಯಿಂದ ಈಚೆಗೆ ನಡೆದರು. ನಾನು ಗೋಡೆಯಾಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತೆತ್ತಿ ನೋಡಿದೆ.

ನಾಲ್ಕೈದು ದಿನಕ್ಕೆ ಕೊಳವೆ ಮತ್ತೆ ಕಪ್ಪುನೀಲಿಯಾಯಿತು. ದೊಡ್ಡಕ್ಕನ ನಡಿಗೆ ನಿಂತಿತು.

ನಲ್ಲಿಯ ನೀರು ಅಳೆದೆ, ತೋಟದ ಬೋರಿನ ನೀರು ಅಳೆದೆ, ಎರಡರಲ್ಲೂ ಹೆಚ್ಚೇನೂ ಇರಲಿಲ್ಲ. ಹುಲ್ಲಿಗೆ ಗೊಬ್ಬರ ಹಾಕುತ್ತಾರೋ ಎಂದು ಮಾಲಿಯನ್ನು ವಿಚಾರಿಸಿದೆ. ಮಳೆ ಶುರುವಾದ ಮೇಲೆಯೇ ಅದೆಲ್ಲ ಎಂದ. ಹಾಗಾದರೆ ಇಷ್ಟು ಫಾಸ್ಫೇಟ್ ಆಕಾಶದಿಂದ ಬಿತ್ತೇ? ಆಗ ನನ್ನ ತಲೆಗೆ ಹೊಳೆದದ್ದು ಒಂದೇ: ಅವನು. ಫಾಸ್ಫೇಟ್ ಹೆಸರು ಮೊದಲು ಎತ್ತಿದವನೇ ಅವನು. ಅವನಿಗೆ ಮೊದಲೇ ಹೇಗೆ ಗೊತ್ತಾಯಿತು? ಗೋಡೆ ಎದೆಯೆತ್ತರ, ಒಂದು ಹಿಡಿ ಗೊಬ್ಬರ ಎಸೆಯಲು ಎಷ್ಟು ಹೊತ್ತು? ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಇದು ಸೂರ್ಯನಷ್ಟು ಸ್ಪಷ್ಟವಾಗಿ ಕಂಡಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ನೆಲ ಡೊಂಕು ಮಾಡಿದವನ ಹೆಸರೂ ಸಿಕ್ಕಿತ್ತು.

ಯಾವಾಗಲೂ ನಾನು ತಲುಪುವುದು ಹತ್ತರ ಸುಮಾರಿಗೆ. ಅವನ ಜನರು ಮುಂಜಾನೆಯೇ ಬಂದು ಹೋಗುತ್ತಾರೆ. ಹಿಡಿದೇ ಬಿಡುತ್ತೇನೆ ಎಂದು ಒಂದು ದಿನ ಡೊಂಬಿವಲಿಯಿಂದ ಬೆಳಕು ಹರಿಯುವ ಮೊದಲೇ ಹೊರಟು, ವಾಚ್‌ಮನ್‌ಗೆ ಪಂಪು ನೋಡಬೇಕು ಎಂದು ಸುಳ್ಳು ಹೇಳಿ, ಪಂಪು ಕೋಣೆಯ ಬಾಗಿಲ ಸಂದಿಯಲ್ಲಿ ಕೂತೆ. ಆಚೆ ಟೀಶರ್ಟಿನವನೊಬ್ಬ ಬಂದ, ಬಲೆ ಹಾಕಿ ನಾಲ್ಕು ಎಲೆ ತೆಗೆದ, ಮೊಬೈಲ್ ನೋಡಿದ, ಹೋದ. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಈಚೆ ಅಡುಗೆಮನೆಯ ಬಾಗಿಲು ತೆರೆಯಿತು. ಹೋಟೆಲಿನಲ್ಲಿ ವರ್ಷಗಟ್ಟಲೆ ಪಾತ್ರೆ, ನೆಲ ತೊಳೆಯುತ್ತಿದ್ದ ನಡುವಯಸ್ಸಿನವನೊಬ್ಬನನ್ನು, ದೊಡ್ಡಕ್ಕನ ಆಪರೇಷನ್ ಆದ ಮೇಲೆ ಧಣಿಗಳು ಮನೆಯ ಕೆಲಸಕ್ಕೆ ಕರೆಸಿಕೊಂಡಿದ್ದರು. ಅವನು ಒಂದು ಬಕೆಟ್ ಬಿಸಿನೀರಿಗೆ ಪ್ಲಾಸ್ಟಿಕ್ ಡಬ್ಬದಿಂದ ಧಾರಾಳವಾಗಿ ಬಿಳಿ ಪುಡಿ ಸುರಿದು, ಕೊಳದ ಸುತ್ತಲಿನ ಕಲ್ಲುಹಾಸಿಗೆ ಎರಚಿ, ಗಸಗಸ ಉಜ್ಜಿದ. ಆಮೇಲೆ ವೈಪರಿನಿಂದ ಆ ನೊರೆನೀರನ್ನೆಲ್ಲ ತಳ್ಳಿಕೊಂಡು ಬಂದು ಕೊಳದ ಅಂಚಿನುದ್ದಕ್ಕೂ ಇರುವ ತೂತುತೂತಿನ ಜಾಲಿಯೊಳಗೆ ಬಿಟ್ಟ. ಒಂದು ಹನಿ ಆಚೀಚೆ ಹೋಗದ ಹಾಗೆ, ಬಹಳ ಅಚ್ಚುಕಟ್ಟಾಗಿ.

ಕೊಳದ ಅಂಚಿನ ಆ ಜಾಲಿ ಚರಂಡಿಯಲ್ಲ. ತುಂಬಿ ಚೆಲ್ಲಿದ ನೀರು ಅದರೊಳಗೆ ಬಿದ್ದು ನೆಲದಡಿಯ ತೊಟ್ಟಿಗೆ ಹೋಗುತ್ತದೆ, ಅಲ್ಲಿಂದ ಫಿಲ್ಟರಿಗೆ, ಅಲ್ಲಿಂದ ತಿರುಗಿ ಕೊಳಕ್ಕೆ. ಆದರೆ ಹೋಟೆಲಿನ ಅಡುಗೆಮನೆಯಲ್ಲಿ ನೆಲದ ಮೇಲೆ ಜಾಲಿ ಇದ್ದರೆ ಅದು ಚರಂಡಿಯೇ.

ನಾನು ಎದುರಿಗೆ ಬಂದಾಗ ಅವನು ಬೆಚ್ಚಿದ.

“ದಿನಾ ಹೀಗೇ ತೊಳೀತೀಯಾ?”

“ಹೌದು, ದಿನಾ. ಪಾಚಿ ಜಾಸ್ತಿಯಾದ್ರೆ ಎರಡು ಸಲ. ಅಕ್ಕ ಜಾರಬಾರ್ದಲ್ಲ.”

“ಈ ಪುಡಿ ಎಲ್ಲಿದು?”

“ನಮ್ಮ ಹೋಟೆಲಿಂದು. ಎಂಥ ಜಿಡ್ಡಿದ್ರೂ ಬಿಡ್ತದೆ ಇದು” ಎಂದ, ಸ್ವಂತ ಮಗನನ್ನು ಹೊಗಳುವ ಹಾಗೆ.

ಒಂದು ಚಿಟಿಕೆ ಪುಡಿಯನ್ನು ಒಂದು ಬಕೆಟ್ ನೀರಿಗೆ ಹಾಕಿ, ಅದರಿಂದ ಒಂದು ಕೊಳವೆ ತೆಗೆದು ಹನಿ ಹಾಕಿದೆ. ಕ್ಷಣದಲ್ಲಿ ಕಪ್ಪಾಯಿತು. ಜಿಡ್ಡು ಬಿಡಿಸುವ ಇಂಥ ಪುಡಿಗಳಲ್ಲಿ ಫಾಸ್ಫೇಟ್ ಇರುತ್ತದೆ. ಪಾಚಿ ಬಂದಷ್ಟೂ ಅವನು ಹೆಚ್ಚು ತೊಳೆದ, ತೊಳೆದಷ್ಟೂ ಪಾಚಿ ಬಂತು. ನಾನು ಹತ್ತು ಗಂಟೆಗೆ ಬಂದು ಒಣಗಿದ ಕಲ್ಲುಹಾಸನ್ನು ನೋಡಿ, ನಿನ್ನ ಹಾಗೆ ಕೆಲಸ ಮಾಡುವವರಿಲ್ಲ ಎಂದು ಅವನ ಬೆನ್ನು ತಟ್ಟಿದ್ದೂ ಇತ್ತು. ಉರಿವ ಬೆಂಕಿಗೆ ತುಪ್ಪ ಸುರಿದದ್ದರಲ್ಲಿ ನನ್ನದೂ ಒಂದು ಚಮಚ. ಅಪರಾಧಿ ಸಿಕ್ಕಿದ್ದಕ್ಕೆ ಸಂತೋಷವಾಗಬೇಕಿತ್ತು. ಅದು ಗೋಡೆಯಾಚೆಯ ನನ್ನ ಶಿಷ್ಯನಲ್ಲವಲ್ಲ ಎಂದು ಒಳಗೊಳಗೆ ಬೇಸರವೇ ಆಯಿತು.

ದೊಡ್ಡಕ್ಕನಿಗೆ ಕೊಳದ ನೀರಿನದೂ ಪುಡಿ ನೀರಿನದೂ ಎರಡು ಕೊಳವೆಗಳನ್ನು ತೋರಿಸಿ ಹೇಳಿದೆ. ಅವರು ಕೆಲಸದವನನ್ನು ಬೈಯಲಿಲ್ಲ. ಪುಡಿಯ ಡಬ್ಬವನ್ನೇ ನೋಡುತ್ತಾ ಕೂತರು.

“ಇದೇ ಪುಡಿಯಾ?”

“ಇದೇ ಅಕ್ಕ.”

“ಆಚೆ ಮನೆಯವಳು ಇದನ್ನು ಕೇಳಿದ್ಳು. ಪಾಲಾದ ಮೇಲೆ ಒಂದ್ಸಲ ಜನ ಕಳಿಸಿ, ಹೋಟೆಲಿನ ಪುಡಿ ಒಂದು ಡಬ್ಬ ಕೊಡ್ತೀರಾ ಅಂತ. ಹೋಟೆಲು ನಮ್ದು, ಪುಡಿಯೂ ನಮ್ದೇ, ಅಂಗಡಿಯಲ್ಲಿ ತಗೊಳ್ಳಲಿ ಅಂತ ಹೇಳಿ ಕಳಿಸಿದ್ದೆ.” ಕೋಲಿನ ತುದಿಯಿಂದ ಡಬ್ಬವನ್ನು ಅತ್ತ ತಳ್ಳಿದರು. “ಕೊಟ್ಟಿದ್ರೆ ಅವಳದ್ದೂ ಹಸಿರಾಗ್ತಿತ್ತು.”

“ಆಗ್ತಿತ್ತು.”

“ನಾನೇ ಕೊಡ್ಲಿಲ್ಲ” ಎಂದರು. ಅವರಿಗೆ ನಗು ಬರಲಿಲ್ಲ. ನನಗೆ ಬಂತು, ತಡೆದುಕೊಂಡೆ. ಗೋಡೆಯಾಚೆಯ ನೀಲಿ ನೀರಿನಲ್ಲಿ ನನ್ನ ಶಿಷ್ಯನ ಜಾಣತನ ಎಷ್ಟೋ ಗೊತ್ತಿಲ್ಲ, ದೊಡ್ಡಕ್ಕನ ಹೊಟ್ಟೆಕಿಚ್ಚಿನ ಪಾಲು ದೊಡ್ಡದಿತ್ತು.

ಮುಂದಿನ ಕೆಲಸ ಕಷ್ಟದ್ದಾದರೂ ದಾರಿ ನೆಟ್ಟಗಿತ್ತು. ಪುಡಿಯ ಡಬ್ಬಗಳು ಅಡುಗೆಮನೆಗೆ ಹೋದವು. ಕಲ್ಲುಹಾಸನ್ನು ಬರೇ ನೀರು ಮತ್ತು ಗಟ್ಟಿ ಬ್ರಶ್ಶಿನಿಂದ ತೊಳೆದು, ನೀರನ್ನು ಹೊರಗಿನ ಚರಂಡಿಯ ಕಡೆಗೇ ತಳ್ಳುವಂತೆ ಹೋಟೆಲಿನವನಿಗೆ ಎದುರು ನಿಂತು ಅಭ್ಯಾಸ ಮಾಡಿಸಿದೆ. ಪಾಪ, ಅವನ ಕೈ ತಾನಾಗಿ ಜಾಲಿಯ ಕಡೆಗೇ ಹೋಗುತ್ತಿತ್ತು. ನೆಲದಡಿಯ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ನಾನೇ ಒಳಗಿಳಿದು ಉಜ್ಜಿದೆ. ಗೋಡೆಗೆ ಹಿಡಿದಿದ್ದ ಸಾಬೂನಿನ ಲೋಳೆ ಉಗುರಿನಲ್ಲಿ ಕೆರೆದರೆ ಬರುವಷ್ಟು ದಪ್ಪವಿತ್ತು. ಕೊಳದ ನೀರನ್ನೂ ಮೂರನೆಯ ಒಂದು ಪಾಲು ತೆಗೆದು ಹೊಸ ನೀರು ಬಿಟ್ಟೆ. ಮತ್ತೆ ಕ್ಲೋರಿನ್, ಮತ್ತೆ ಉಜ್ಜುವುದು, ಮತ್ತೆ ಲ್ಯಾಂಥನಮ್, ಮತ್ತೆ ಮಜ್ಜಿಗೆ ನೀರು. ಫಾಸ್ಫೇಟ್ ತೆಗೆದರೆ ಪಾಚಿ ಸಾಯುವುದಿಲ್ಲ, ಅದಕ್ಕೆ ಊಟ ತಪ್ಪುತ್ತದೆ ಅಷ್ಟೆ. ಕೊಲ್ಲುವುದು ಕ್ಲೋರಿನ್ನೇ, ಅದನ್ನು ಒಂದು ದಿನವೂ ಇಳಿಯಲು ಬಿಡಲಿಲ್ಲ. ವಾರದ ಮೇಲೆ ಅಳೆದೆ, ತಿಳಿನೀಲಿ. ಮತ್ತೊಂದು ವಾರ, ತಿಳಿನೀಲಿ. ಬಿಸಿಲು ಬೀಳುವ ಗೋಡೆಗೆ ಕೈಯಿಟ್ಟರೆ ಟೈಲು ಕಿರ್ರೆಂದಿತು.

ದೊಡ್ಡಕ್ಕ ದಿನಾ ನಡೆದರು. ಮೊದಲು ಕಂಬಿ ಹಿಡಿದು, ಆಮೇಲೆ ಹಿಡಿಯದೆ. ಹೊಸ ಕೀಲಿಗಿಂತ ಜಾಸ್ತಿ ಹಟವೇ ಅವರನ್ನು ನಡೆಸುತ್ತಿದ್ದಂತಿತ್ತು. ಧಣಿಗಳು ಆ ಹುಡುಗನ ಹೆಸರು ಮತ್ತೆ ಎತ್ತಲಿಲ್ಲ. ಅವನು ಒಂದು ದಿನ ಗೋಡೆಯಾಚೆಯಿಂದ, “ಸರ್, ನೀರು ಮಸ್ತ್ ದಿಖ್ ರಹಾ ಹೈ. ಫಾಸ್ಫೇಟೇ ಇತ್ತು ನಾ?” ಎಂದು ಕೇಳಿದ. “ಸಣ್ಣಪುಟ್ಟದ್ದು ಏನೇನೋ ಇತ್ತು” ಎಂದೆ. ಹೌದು ಎನ್ನಲು ನಾಲಗೆ ಏಳಲಿಲ್ಲ.

ಒಂದು ಬೆಳಿಗ್ಗೆ ನಾನು ಹೋದಾಗ ಕೆಳಗಿನ ಕೋಣೆಯ ಹಾಸಿಗೆ ಸುತ್ತಿಟ್ಟಿತ್ತು. ದೊಡ್ಡಕ್ಕ ಮೆಟ್ಟಿಲು ಹತ್ತಿ ತಮ್ಮ ಕೋಣೆ ಸೇರಿದ್ದರು. ಹೋಟೆಲಿನವನು ಮುಚ್ಚಳ ಬಿಗಿದ ಒಂದು ಪುಡಿ ಡಬ್ಬ ತಂದು ನನ್ನ ಕೈಗಿಟ್ಟ. “ಅಕ್ಕ ಹೇಳಿದ್ದಾರೆ, ಇದನ್ನು ನೀವೇ ಆಚೆ ಮನೆಗೆ ಕೊಟ್ಟು ಬರ್ಬೇಕಂತೆ. ಅವ್ರು ಅವತ್ತು ಕೇಳಿದ್ರಂತೆ.”

ಯಾಕೆ ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ಕಲ್ಲುಹಾಸು, ಅದೇ ಜಾಲಿ, ತಿಂಗಳೊಳಗೆ ಅಲ್ಲಿಯೂ ಹಸಿರು. ನನ್ನ ಶಿಷ್ಯ ಉಜ್ಜುತ್ತಾನೆ, ಕೊಲ್ಲುತ್ತಾನೆ, ಮತ್ತೆ ಉಜ್ಜುತ್ತಾನೆ. ನಾನು ಗೋಡೆಯಿಂದ ತಲೆ ಎತ್ತಿ, ಕಿಟ್ ಬೇಕಾ ಎಂದು ಕೇಳುತ್ತೇನೆ. ಡಬ್ಬ ಹಿಡಿದು ಆ ಗೇಟಿಗೆ ಹೋಗುವಷ್ಟರಲ್ಲಿ ಇದೆಲ್ಲವನ್ನೂ ನಾನು ಮನಸ್ಸಿನಲ್ಲಿ ಎರಡು ಸಲ ಅನುಭವಿಸಿ ಆಗಿತ್ತು.

ಸಣ್ಣಕ್ಕ ಬಾಗಿಲಿಗೆ ಬಂದರು. ಡಬ್ಬ ನೋಡಿ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು.

“ಅಕ್ಕ ಕಳಿಸಿದ್ದಾ?” ಎಂದರು. ಮತ್ತೊಮ್ಮೆ, “ಅಕ್ಕನೇ ಹೇಳಿ ಕಳಿಸಿದ್ದಾ?” ಎಂದರು. ಪಾಲಾದ ಮೇಲೆ ದೊಡ್ಡಕ್ಕನ ಮನೆಯಿಂದ ಈ ಮನೆಗೆ ಒಂದು ನಿಂಬೆಹಣ್ಣೂ ಬಂದಿರಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನೋಡಬಾರದಿತ್ತು, ನೋಡಿಬಿಟ್ಟೆ.

“ಪಾತ್ರೆಗೆ ಮಾತ್ರ ಹಾಕಿ” ಎಂದೆ. “ಪೂಲಿನ ಹತ್ರ ಬೇಡ. ಆ ಜಾಲಿಗೆ ಈ ನೀರು ಒಂದು ಹನಿಯೂ ಹೋಗ್ಬಾರದು.” ಕೆಲಸದವಳನ್ನೂ ಕರೆಸಿ ಅವಳಿಗೂ ಹೇಳಿದೆ. ಹೇಳುವಾಗ ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು.

ತಿರುಗಿ ಬರುವಾಗ ಮೇಲಿನಿಂದ ದೊಡ್ಡಕ್ಕನ ದನಿ ಕೇಳಿತು. ಅವರ ಕೋಣೆಯ ಬಾಲ್ಕನಿಯಿಂದ ಎರಡು ಮನೆಗಳ ಕೊಳವೂ, ಆಚೆಯ ಬಾಗಿಲೂ ಕಾಣುತ್ತವೆ ಎಂದು ನನಗೆ ಗೊತ್ತಾದದ್ದು ಆಗಲೇ. ಕೋಲಿಲ್ಲದೆ, ಕಂಬಿಗೆ ಒರಗಿ ನಿಂತಿದ್ದರು.

“ಏನು ಹೇಳಿದ್ಳು?”

“ಖುಷಿಯಾಯ್ತು ಅವ್ರಿಗೆ. ಕಣ್ಣಲ್ಲಿ ನೀರು ಬಂತು.”

ದೊಡ್ಡಕ್ಕ ಆಚೆಯ ಮನೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ.

“ಅಷ್ಟು ಹೊತ್ತು ಎಂತ ಮಾತು ಅಲ್ಲಿ? ಪೂಲಿನ ಹತ್ರ ಹಾಕ್ಬೇಡಿ ಅಂತ ಹೇಳಿದ್ಯಾ?”

“ಹೇಳಿದೆ ಅಕ್ಕ.”

“ಹೇಳ್ಲಿಕ್ಕೆ ನಿನಗೆ ಯಾರು ಹೇಳಿದ್ದು?”

ನಾನು ಬ್ಯಾಗು ಎತ್ತಿಕೊಂಡೆ. ಠಾಣೆ ಸ್ಟೇಷನ್ನಿನವರೆಗೂ, ಅಲ್ಲಿಂದ ನೂಕುನುಗ್ಗಲಿನ ಲೋಕಲ್ಲಿನ ಬಾಗಿಲಲ್ಲಿ ನಿಂತು ಡೊಂಬಿವಲಿಯವರೆಗೂ, ನಾನೂ ನನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದೆ.